ಕಾರವಾರದ ಮಧ್ಯಾಹ್ನಕ್ಕೆ ಮೀನೂಟವಾ, ಆಮ್ಲೆಟ್ ಪಾವಾ?

ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬಬೇಕು, ಅಷ್ಟೇ ಅಲ್ವಾ? ಅರ್ಧ ಗಂಟೆ ಬಿಡುವಿದ್ದರೆ ಸಣ್ಣ ಖಾನಾವಳಿಯ ಮೀನೂಟವೇ ಸರಿ. ಸ್ಟೀಲ್ ತಟ್ಟೆಯಲ್ಲಿ ಕುಚಲಕ್ಕಿ ಅನ್ನ, ಕಾಯಿ ಅರೆದು ಮಾಡಿದ ಬಂಗಡೆ ಸಾರು, ಕೊನೆಗೆ ಕುಡಿಯಲು ಕೋಕಂ, ತೆಂಗಿನ ಹಾಲು ಬೆರೆಸಿದ ತಿಳಿ ಗುಲಾಬಿ ಬಣ್ಣದ ಸೋಲ್‌ಕಡಿ. ಸಾರಿನಲ್ಲಿ ಜುಮ್ಮನಕಾಯಿ ಎಂಬ ಮಸಾಲೆಕಾಯಿಯ ಘಮ ಬಂತೋ, ಅಡುಗೆಯವರ ಕೈ ಪಳಗಿದೆ ಎಂದೇ ಲೆಕ್ಕ. ಹುರಿದ ಮೀನಿನ ರೇಟು ಮಾತ್ರ ಮೊದಲೇ ಕೇಳಿ. ಇಶ್ವಾಣ (ಅಂಜಲ್ ಮೀನು) ಅಂದರೆ ಜೇಬಿಗೆ ಭಾರವೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಆ ಎರಡು ತಿಂಗಳು ನನ್ನ ಓಟು ಆಮ್ಲೆಟ್ ಪಾವಿಗೆ. ಬಸ್ ಹಿಡಿಯುವವರಿಗೂ ಅದೇ ವಾಸಿ, ನಿಂತೇ ತಿನ್ನಬಹುದು. ಪಾವನ್ನು ಕಾವಲಿ ಮೇಲೆ ಬಿಸಿ ಮಾಡಿಸಿಕೊಳ್ಳಿ. ಸುಮ್ನೆ ನಿಂತರೆ ತಣ್ಣಗಿನದೇ ಕೈಗೆ ಬರುತ್ತದೆ.