ಡಾಕಾರ್‌ನ ಪ್ಲಾಟೋ ನಡಿಗೆ: ಪ್ರಿಮಾತೂರ್ ಎದುರಿನ ಅರ್ಧ ಗಂಟೆಗೇ ಕಾಸು ವಸೂಲ್

ಪಂಪ್‌ಸೆಟ್ ಸರ್ವಿಸ್ ಕೆಲಸಕ್ಕೆಂದು ಸೆನೆಗಲ್‌ಗೆ ಬಂದು ಮೂರು ತಿಂಗಳಾಯಿತು. ಒಂದು ಶನಿವಾರ ರಾಜಧಾನಿ ಡಾಕಾರ್‌ನಲ್ಲಿ ಬಿಡುವು ಸಿಕ್ಕಿತು. ಸುಮ್ನೆ ರೂಮಿನಲ್ಲಿ ಬಿದ್ದುಕೊಳ್ಳುವ ಬದಲು ಪ್ಲಾಟೋ ಬಡಾವಣೆಯ ಮೂರು ಗಂಟೆಯ ಕಾಲ್ನಡಿಗೆ ಟೂರ್‌ಗೆ ಹೋದೆ. ತಲೆಗೆ 10,000 ಸೇಫಾ, ಅಂದರೆ ಸುಮಾರು ಒಂದೂವರೆ ಸಾವಿರ ರೂಪಾಯಿ.

ಮೊದಲ ಒಂದು ಗಂಟೆ ಸಾಧಾರಣ. ಹಳೇ ರೈಲ್ವೆ ಸ್ಟೇಷನ್, ಅಧ್ಯಕ್ಷರ ಅರಮನೆ ಗೇಟಿನಲ್ಲಿ ಅಲ್ಲಾಡದೆ ನಿಂತ ಕೆಂಪು ಸಮವಸ್ತ್ರದ ಕಾವಲುಗಾರ, ಒಂದಿಷ್ಟು ಫೋಟೊ. ಇದನ್ನೆಲ್ಲ ಗೈಡ್ ಇಲ್ಲದೆಯೂ ನೋಡಬಹುದು.

ಅರಮನೆಗೆ ಹತ್ತಿರದಲ್ಲೇ ಪ್ರಧಾನಿ ಕಚೇರಿಯ ದೊಡ್ಡ ಕಟ್ಟಡ. ಇಲ್ಲಿನವರ ಬಾಯಲ್ಲಿ ಆ ಕಚೇರಿ ‘ಪ್ರಿಮಾತೂರ್’. ನಾನು ಫೋನ್ ಎತ್ತಿದ್ದೇ ತಡ, ಪೊಲೀಸಪ್ಪ ದೂರದಿಂದಲೇ ಬೆರಳಾಡಿಸಿದ. ತೆಪ್ಪಗೆ ಜೇಬಿಗೆ ಹಾಕಿಕೊಂಡೆ. ಗೈಡ್ ನಮ್ಮನ್ನು ಸ್ವಲ್ಪ ದೂರದ ಮರದ ನೆರಳಿಗೆ ಕರೆದುಕೊಂಡು ಹೋದ. ಅವನ ಅಸಲಿ ಕೆಲಸ ಶುರುವಾಗಿದ್ದು ಅಲ್ಲಿ.

ಕಟ್ಟಡಕ್ಕೆ ಮಮದು ದಿಯಾ ಹೆಸರಿಟ್ಟಿದ್ದಾರೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಸೆಂಗೋರ್ ಅಧ್ಯಕ್ಷರು, ಪ್ರಧಾನಿಯಾಗಿ ಸರ್ಕಾರ ನಡೆಸಿದ್ದು ದಿಯಾ. ಇಬ್ಬರೂ ಹಳೇ ದೋಸ್ತಿಗಳು. 1962ರ ಡಿಸೆಂಬರ್‌ನಲ್ಲಿ ಕೆಟ್ಟಿತು. ಶಾಸಕರು ಅವಿಶ್ವಾಸ ತಂದರು. ದಿಯಾ ಶಾಸನಸಭೆಗೇ ಪೊಲೀಸರನ್ನು ನುಗ್ಗಿಸಿದರು. ಶಾಸಕರು ಸ್ಪೀಕರ್ ಮನೆಯಲ್ಲಿ ಸೇರಿ ಅವರನ್ನು ಇಳಿಸಿದರು. ಮರುದಿನವೇ ಬಂಧನ, ಮುಂದಿನ ವರ್ಷ ಜೀವಾವಧಿ ಶಿಕ್ಷೆ. ಬಿಡುಗಡೆ 1974ರಲ್ಲಿ.

ಆಮೇಲೆ ಗೈಡ್ ಅಂಗೈ ಬಿಚ್ಚಿ ತೋರಿಸಿದ. 1963ರಲ್ಲಿ ಪ್ರಧಾನಿ ಹುದ್ದೆಯನ್ನೇ ತೆಗೆದರು ಎಂದು ಮುಷ್ಟಿ ಕಟ್ಟಿದ. 1970ರಲ್ಲಿ ಅಬ್ದು ಜುಫ್ ಪ್ರಧಾನಿಯಾದರು, ಬಿಚ್ಚಿದ. 1983, ಮುಷ್ಟಿ. 1991, ಅಂಗೈ. 2019, ಮತ್ತೆ ಮುಷ್ಟಿ. 2021ರ ಕೊನೆಗೆ ಮತ್ತೆ ಅಂಗೈ. ನಮ್ಮಲ್ಲಿ ಉಪಮುಖ್ಯಮಂತ್ರಿಗಳು ಒಮ್ಮೆ ಮೂವರಿದ್ದು ಇನ್ನೊಮ್ಮೆ ಒಬ್ಬರೂ ಇರಲ್ಲ ಅಲ್ವಾ, ಹಾಗೇ ಅಂದುಕೊಂಡೆ. ಆದರೆ ಇಲ್ಲಿ ಪ್ರತಿ ಸಲ ಸಂವಿಧಾನವನ್ನೇ ತಿದ್ದಿದ್ದಾರೆ.

2024ರ ಏಪ್ರಿಲ್‌ನಲ್ಲಿ ಪ್ರಧಾನಿಯಾದ ಉಸ್ಮಾನ್ ಸೋಂಕೊ ಕಥೆ ದಿಯಾಗೆ ಉಲ್ಟಾ. ಪ್ರಧಾನಿಯಾದಾಗ ಸೋಂಕೊ ಜೈಲಿಂದ ಹೊರಬಂದು ಮೂರು ವಾರವೂ ಆಗಿರಲಿಲ್ಲ.

ಒಂದು ಕೊರತೆ. ದೇಶದ ಮೊದಲ ಮಹಿಳಾ ಪ್ರಧಾನಿ ಮಾಮ್ ಮಾಜೋರ್ ಬೋಯ್ ಬಗ್ಗೆ ನಾನೇ ಕೆದಕಿ ಕೇಳಬೇಕಾಯಿತು. 2002ರ ಸೆಪ್ಟೆಂಬರ್‌ನಲ್ಲಿ ಜೂಲಾ ಹಡಗು ಮುಳುಗಿ 1,800ಕ್ಕೂ ಜಾಸ್ತಿ ಜನ ಸತ್ತರು. ನವೆಂಬರ್‌ನಲ್ಲಿ ಅವರ ಹುದ್ದೆ ಹೋಯಿತು. ಹಡಗಿನ ಮಾತು ಬಂದಾಗ ಗೈಡ್ ದನಿಯೂ ಇಳಿಯಿತು. ಹೆಚ್ಚು ಕೇಳಲಿಲ್ಲ.

ಸಿಟ್ಟು ಬಂದಿದ್ದು ಕೊನೆಗೆ. ಒಂದು ಬಟ್ಟೆ ಅಂಗಡಿಯಲ್ಲಿ ನಲವತ್ತು ನಿಮಿಷ ಕೂರಿಸಿದ. ಕಮಿಷನ್ ಇರಬೇಕು. ಅದರ ಬದಲು ಇನ್ನೊಂದು ಬೀದಿ ತೋರಿಸಬಹುದಿತ್ತು. ಊಟ ಟೂರ್‌ನಲ್ಲಿ ಸೇರಿಲ್ಲ. ಆದರೆ ಅವನು ಹೇಳಿದ ಪುಟ್ಟ ಹೋಟೆಲಿನ ಚೆಬುಜೆನ್ ಚೆನ್ನಾಗಿತ್ತು. ನುಚ್ಚಕ್ಕಿ ಅನ್ನ, ಮೀನು, ತಳ ಹಿಡಿದ ಗರಿ ಅನ್ನವನ್ನೂ ಕೆರೆದು ಬಡಿಸಿದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಟೋಪಿ ಹಾಕಿಕೊಳ್ಳಿ. ಚಿಲ್ಲರೆ ಇಟ್ಟುಕೊಳ್ಳಿ, 10,000ದ ನೋಟು ಕೊಟ್ಟರೆ ಟ್ಯಾಕ್ಸಿಯವರು ಮುಖ ಆ ಕಡೆ ತಿರುಗಿಸುತ್ತಾರೆ.