ಟಾರು ಅಂಗಳಕ್ಕೆ ಯಾವ ಲೇಪ? ಎರಡು ಮಳೆಗಾಲ ನೋಡಿದ ಮೇಲೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್ ಇದೆ. ಮುಂದೆ ಗಾಡಿ ನಿಲ್ಲಿಸಲು ಸುಮಾರು 6,000 ಚದರ ಅಡಿ ಟಾರು ಅಂಗಳ. ಹಾಕಿಸಿ ನಾಲ್ಕು ವರ್ಷಕ್ಕೆ ಅದು ಕಪ್ಪು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿಯಲ್ಲಿ ಉಜ್ಜಿದರೆ ಸಣ್ಣ ಜಲ್ಲಿ ಕಿತ್ತು ಬರುತ್ತಿತ್ತು. ಅಲ್ಲಲ್ಲಿ ಕೂದಲೆಳೆಯಷ್ಟು ಸೀಳು.

ಬಿಸಿಲು, ಗಾಳಿಗೆ ಟಾರಿನ ಜಿಗುಟು ಹೋಗುತ್ತದೆ. ಪೆಡಸಾಗಿ ಸೀಳುತ್ತದೆ. ಸೀಳಿನಲ್ಲಿ ನೀರು ಇಳಿದರೆ ಜಲ್ಲಿಯನ್ನು ಹಿಡಿದ ಟಾರು ಕೈಬಿಡುತ್ತದೆ. ಆಮೇಲೆ ಗುಂಡಿ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ಟಾರು ಹಾಕಿಸುವಷ್ಟು ದುಡ್ಡಿರಲಿಲ್ಲ. ಮೇಲೊಂದು ತೆಳು ಲೇಪ ಮಾಡಿಸೋಣ ಅಂತ ಹೊರಟೆ.

ಇಲ್ಲಿ ಮೊದಲ ಗೊಂದಲ ಹೆಸರಿನದ್ದೇ. ನಮ್ಮ ರಸ್ತೆ ಕೆಲಸದ ಮೇಸ್ತ್ರಿಗಳಿಗೆ ಸೀಲ್ ಕೋಟ್ ಅಂದರೆ 20 ಮಿ.ಮೀ. ಕಾರ್ಪೆಟ್ (ಟಾರು-ಜಲ್ಲಿ ಪದರ) ಮೇಲೆ ಬಿಸಿ ಟಾರು, ಮರಳು ಅಥವಾ ಸಣ್ಣ ಜಲ್ಲಿ ಹಾಕಿ ರೋಲರ್ ಹೊಡೆಯುವುದು. ಬೆಂಗಳೂರಿನ ಡೀಲರ್‌ಗೆ ಅದೇ ಮಾತು ಹೇಳಿದರೆ ಡ್ರಮ್ಮಿನಲ್ಲಿ ಬರುವ ಕಪ್ಪು ಸೀಲರ್ ತೋರಿಸುತ್ತಾರೆ. ಎರಡೂ ಬೇರೆ ಬೇರೆ. ಪಕ್ಕದ ಗ್ಯಾರೇಜಿನವರದು ಮೂರನೇ ಸಲಹೆ: "ಎಂತಕ್ಕೆ ಮಾರಾಯ್ರೆ ಅಷ್ಟು ಖರ್ಚು? ಕರಿ ಆಯಿಲ್ ಬಳೀರಿ." ಗೆದ್ದಲು ಹಿಡಿಯುವ ಮರಕ್ಕೆ ಕರಿ ಆಯಿಲ್ ಸರಿ. ಟಾರಿಗೆ ಅದು ವಿಷ. ಎಣ್ಣೆ ಟಾರನ್ನು ಕರಗಿಸುತ್ತದೆ. ಅದನ್ನು ಪರೀಕ್ಷೆಗೂ ಇಟ್ಟುಕೊಳ್ಳಲಿಲ್ಲ.

ಯಾರ ಮಾತು ನಂಬುವುದು ತಿಳಿಯದೆ ಅಂಗಳವನ್ನೇ ನಾಲ್ಕು ಪಟ್ಟಿ ಮಾಡಿ, ಬಣ್ಣದಲ್ಲಿ ನಂಬರ್ ಬರೆದೆ. ಗಿರಾಕಿಗಳಿಗೆ ಇದೇನೋ ಪಾರ್ಕಿಂಗ್ ನಂಬರ್ ಅಂತ ಅನಿಸಿತ್ತು. ಕೆಲಸ ಮಾಡಿದ್ದು ಫೆಬ್ರವರಿಯಲ್ಲಿ. ಡಿಸೆಂಬರ್-ಜನವರಿಯಲ್ಲಿ ನಮ್ಮಲ್ಲಿ ಬೆಳಿಗ್ಗೆ ಹತ್ತರವರೆಗೂ ಇಬ್ಬನಿ ಆರುವುದಿಲ್ಲ. ಏಪ್ರಿಲ್ ಬಂದರೆ ಸಂಜೆಯ ಗುಡುಗು ಮಳೆಯ ಭಯ.

ಒಂದನೇ ಪಟ್ಟಿಗೆ ಬಿಸಿ ಟಾರು, ಮರಳು. ಊರ ರಸ್ತೆ ಕೆಲಸಕ್ಕೆ ಬಂದಿದ್ದ ತಂಡದವರೇ ಒಂದು ಬೆಳಿಗ್ಗೆ ಮಾಡಿಕೊಟ್ಟರು. ತಣ್ಣಗಾದ ಕೂಡಲೇ ಗಾಡಿ ಬಿಡಬಹುದು, ಅದೊಂದೇ ಸುಖ. ಕ್ಯಾನಿನಲ್ಲಿ ಸುರಿದ ಟಾರು ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಏಪ್ರಿಲ್ ಬಿಸಿಲಿಗೆ ದಪ್ಪ ಇದ್ದಲ್ಲೆಲ್ಲ ಟಾರು ಮೇಲೆದ್ದು ಬಂತು. ಗಿರಾಕಿಗಳ ಚಪ್ಪಲಿಯಿಂದ ಹೋಟೆಲಿನ ಒಳಗಿನ ಟೈಲ್ಸಿಗೂ ಬಂತು. ಸೀಮೆಎಣ್ಣೆ ಹಾಕಿ ಒರೆಸುವುದೇ ಹುಡುಗರ ಕೆಲಸವಾಯಿತು.

ಎರಡನೇ ಪಟ್ಟಿಗೆ ಎಸ್‌ಎಸ್-1 ಎಮಲ್ಷನ್, ಅರ್ಧಕ್ಕರ್ಧ ನೀರು. ಎಮಲ್ಷನ್ ಅಂದರೆ ಟಾರಿನ ಸಣ್ಣ ಹನಿಗಳನ್ನು ನೀರಿನಲ್ಲಿ ತೇಲಿಸಿದ್ದು. ಎಸ್‌ಎಸ್ ಅಂದರೆ ಸ್ಲೋ ಸೆಟ್ಟಿಂಗ್, ನಿಧಾನ ಗಟ್ಟಿಯಾಗುವ ಜಾತಿ. ಬಿಸಿ ಮಾಡುವ ರಗಳೆ ಇಲ್ಲ. ಹಚ್ಚುವಾಗ ಡಿಕಾಕ್ಷನ್‌ಗೆ ಚೂರು ಹಾಲು ಬಿದ್ದ ಹಾಗೆ ಕಂದು. ಸ್ವಲ್ಪ ಹೊತ್ತಿಗೆ ಹಾಲಿನ ಹಾಗೆಯೇ ಒಡೆಯುತ್ತದೆ, ನೀರು ಬೇರೆಯಾಗಿ ಕಪ್ಪಾಗುತ್ತದೆ. ನಾಲ್ಕರಲ್ಲಿ ಇದೇ ಅಗ್ಗ. ಆದರೆ ನಾನು ಜಾಣತನ ಮಾಡಲು ಹೋಗಿ ಅಡಿಕೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಸ್ಪ್ರೇ ಮಾಡಿದೆ. ಹತ್ತು ನಿಮಿಷಕ್ಕೆ ನಾಜಲ್ ಕಟ್ಟಿತು, ಪೈಪೂ ಹೋಯಿತು. ಕೊಳೆ ಔಷಧಿಯ ಹೊತ್ತಿಗೆ ಹೊಸ ಪೈಪು ತರುವವರೆಗೆ ಅಪ್ಪಯ್ಯ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಉಳಿದದ್ದನ್ನು ಪೊರಕೆಯಲ್ಲಿ ಎಳೆದೆವು. ಈ ಲೇಪ ಒಣಗಿದ ಟಾರಿಗೆ ಸ್ವಲ್ಪ ಜೀವ ಕೊಡುತ್ತದೆ, ಅಷ್ಟೇ. ಸೀಳು ತುಂಬುವುದಿಲ್ಲ. ಎರಡನೇ ಮಳೆಗಾಲ ಮುಗಿಯುವಾಗ ಚಕ್ರ ಓಡಾಡುವ ಜಾಗದಲ್ಲಿ ಅದರ ಗುರುತೇ ಇರಲಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಮೂರು ಮತ್ತು ನಾಲ್ಕರ ನಡುವೆ.

ಮೂರನೆಯದು ಬೆಂಗಳೂರಿನಿಂದ ತರಿಸಿದ ರೆಡಿ ಸೀಲರ್. ಪಾಲಿಮರ್ (ರಬ್ಬರ್, ಪ್ಲಾಸ್ಟಿಕ್ ಥರದ್ದು) ಸೇರಿಸಿದ ಟಾರು ಎಮಲ್ಷನ್. ಸಾಗಣೆ ಸೇರಿ ಎರಡನೇ ಪಟ್ಟಿಯ ಮೂರು ಪಟ್ಟು ಖರ್ಚು. ಒಂದೇ ಸಲ ದಪ್ಪಗೆ ಬಳಿಯದೆ ಎರಡು ತೆಳು ಕೋಟ್ ಕೊಡಬೇಕು, ಮೊದಲನೆಯದು ಪೂರ್ತಿ ಒಣಗಬೇಕು, ಒಂದು ದಿನ ಗಾಡಿ ಬಿಡಬಾರದು. ಇಷ್ಟೆಲ್ಲ ಪಾಲಿಸಿದೆ. ಮರಳು ಬೆರೆಸಿ ಅಂತಲೂ ಹೇಳಿದ್ದರು. ಅರ್ಧ ಪಟ್ಟಿಗೆ ಬೆರೆಸಿದೆ. ಉಳಿದರ್ಧಕ್ಕೆ ಬೆರೆಸಲಿಲ್ಲ, ಯಾಕೆಂದರೆ ಮರಳಿಲ್ಲದ ಕಡೆ ಹೊಸ ಕಾರಿನ ಬಾನೆಟ್ಟಿನ ಹಾಗೆ ಹೊಳೆಯುತ್ತಿತ್ತು. ಮೇ ತಿಂಗಳಿಡೀ ಎಲ್ಲರೂ ಹೊಗಳಿದ್ದು ಅದೇ ಜಾಗವನ್ನು. ಆರಿದ್ರಾ ಮಳೆ ಹಿಡಿದ ಮೂರನೇ ದಿನ ನಮ್ಮ ಹುಡುಗ ಚಹಾದ ತಟ್ಟೆ ಸಮೇತ ಅಲ್ಲೇ ಜಾರಿ ಬಿದ್ದ. ಮೊಣಕೈ ತರಚಿತು, ಆರು ಗ್ಲಾಸ್ ಹೋಯಿತು. ಅವತ್ತಿನಿಂದ ಹೊಳಪಿನ ಮೇಲೆ ನನಗೆ ಆಸೆ ಇಲ್ಲ. ಮರಳು ಸೇರಿದ ಅರ್ಧ ಈಗಲೂ ಚೆನ್ನಾಗಿದೆ.

ನಾಲ್ಕನೆಯದು ಸ್ಲರಿ. ಎಸ್‌ಎಸ್-2 ಎಮಲ್ಷನ್, ಕ್ರಷರ್ ಡಸ್ಟ್, ನೀರು, ಚಿಟಿಕೆ ಸಿಮೆಂಟ್. ನೋಡಲು ಏನೂ ಚೆಂದವಿಲ್ಲ, ಮಂಕು ಕಪ್ಪು. ಹದ ಸಿಗುವವರೆಗೆ ಹೈರಾಣ. ಮೊದಲ ಸಲ ಸಿಮೆಂಟ್ ಜಾಸ್ತಿಯಾಗಿ ಮಿಕ್ಸರಿನಲ್ಲೇ ಗಂಟುಗಟ್ಟಿತು, ಚೆಲ್ಲಬೇಕಾಯಿತು. ಎರಡನೇ ಸಲ ನೀರು ಜಾಸ್ತಿ. ನೀರುದೋಸೆ ಹಿಟ್ಟಿನ ಹಾಗಲ್ಲ, ಉದ್ದಿನ ದೋಸೆ ಹಿಟ್ಟಿನ ಹಾಗೆ ಇರಬೇಕು ಅಂತ ಗೊತ್ತಾದದ್ದು ಮೂರನೇ ಸಲಕ್ಕೆ. ಅದು ನಮ್ಮ ದೋಸೆ ಭಟ್ಟರ ಮಾತು, ಮೇಸ್ತ್ರಿಯದಲ್ಲ! ಕಾದ ನೆಲಕ್ಕೆ ಮೊದಲು ನೀರು ಚಿಮುಕಿಸಿ, ರಬ್ಬರ್ ವೈಪರ್‌ನಲ್ಲಿ 4 ಮಿ.ಮೀ. ದಪ್ಪಕ್ಕೆ ಎಳೆದೆವು. ಸಣ್ಣ ಸೀಳುಗಳೆಲ್ಲ ಅದರಲ್ಲೇ ತುಂಬಿಕೊಂಡವು. ದೊಡ್ಡವನ್ನು ಮೊದಲೇ ಬೇರೆಯಾಗಿ ತುಂಬಿದ್ದೆವು, ಅದನ್ನು ಯಾವ ಲೇಪವೂ ಮಾಡಿಕೊಡುವುದಿಲ್ಲ. ಮಳೆಯಲ್ಲಿ ಈ ಪಟ್ಟಿಯ ಮೇಲೆ ಧೈರ್ಯವಾಗಿ ನಡೆಯಬಹುದು. ಎರಡು ಮಳೆಗಾಲ ಕಳೆದರೂ ಚಕ್ರದ ದಾರಿಯಲ್ಲಿ ಸವೆದಿಲ್ಲ. ಕೂಲಿ ಜಾಸ್ತಿ ಬಿದ್ದರೂ ಒಟ್ಟು ಖರ್ಚು ಸೀಲರ್‌ಗಿಂತ ಕಡಿಮೆ. ನನ್ನ ಓಟು ಇದಕ್ಕೇ.

ಎರಡು ಜಾಗದಲ್ಲಿ ಮಾತ್ರ ನಾಲ್ಕೂ ಸೋತವು. ಒಂದು, ಹಿಂಬದಿಯ ಹಲಸಿನ ಮರದ ಕೆಳಗೆ. ಅಲ್ಲಿ ಬಿಸಿಲೇ ಬೀಳುವುದಿಲ್ಲ, ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಲೇಪ ಮಾಡುವ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ದೆ, ಆದರೆ ಅವಸರ ಮಾಡಿದೆ. ಹಾವಸೆ ಪೂರ್ತಿ ಹೋಗದ ಕಡೆ ಸೀಲರ್ ಹಪ್ಪಳದ ಹಾಗೆ ಎದ್ದು ಬಂತು. ಸ್ಲರಿ ಏಳಲಿಲ್ಲ, ಆದರೆ ಅದರ ಮೇಲೂ ಆಗಸ್ಟ್‌ಗೆ ಹಸಿರು ಹಾವಸೆ ಬಂತು.

ಇನ್ನೊಂದು, ಬಸ್ಸು ನಿಲ್ಲುವ ಮೂಲೆ. ತೊಟ್ಟಿಕ್ಕುವ ಡೀಸೆಲ್, ಎಂಜಿನ್ ಆಯಿಲ್‌ಗೆ ರಸ್ತೆಗೆ ಹಾಕುವ ಈ ಪೆಟ್ರೋಲಿಯಂ ಟಾರಿನಿಂದ ಮಾಡಿದ ಯಾವುದೂ ತಡೆಯುವುದಿಲ್ಲ. ಎಣ್ಣೆಗೆ ಜಗ್ಗದ್ದು ಕಲ್ಲಿದ್ದಲಿನ ಟಾರಿನ ಸೀಲರ್. ಅಮೆರಿಕದಲ್ಲಿ ಅದರ ಬಳಕೆ ಜಾಸ್ತಿಯಿತ್ತು. ಆದರೆ ಅದು ಸವೆದು ಮಳೆನೀರಿನ ಜತೆ ಹೊಳೆ ಸೇರುತ್ತದೆ, ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಟೆಕ್ಸಾಸ್‌ನ ಆಸ್ಟಿನ್ ನಗರ 2006ರಲ್ಲೇ ಅದನ್ನು ನಿಷೇಧಿಸಿತು, ವಾಷಿಂಗ್ಟನ್ ರಾಜ್ಯ 2011ರಲ್ಲಿ. ನಮ್ಮ ಅಂಗಳದ ಚರಂಡಿ ಬಾವಿಯ ಪಕ್ಕದಲ್ಲೇ ಹಾದು ಹಳ್ಳ ಸೇರುತ್ತದೆ, ಹಳ್ಳ ತುಂಗೆಗೆ. ನನಗೆ ಬೇಡವೇ ಬೇಡ. ಆ ಮೂಲೆಯ ಟಾರು ಕಿತ್ತು ಕಾಂಕ್ರೀಟ್ ಹಾಕಿಸಿದೆ.

ಬರುವ ಫೆಬ್ರವರಿಗೆ ಎರಡನೇ ಪಟ್ಟಿಗೂ ಮೂರರ ಹೊಳೆಯುವ ಅರ್ಧಕ್ಕೂ ಸ್ಲರಿ. ಒಂದನೆಯದರಲ್ಲಿ ಎದ್ದ ಟಾರನ್ನು ಕೆರೆಸದೆ ಅದರ ಮೇಲೆ ಏನೂ ಹಾಕುವ ಹಾಗಿಲ್ಲ. ಮನೆ ಮುಂದೆ ಒಂದೆರಡು ಕಾರಿನ ಜಾಗ ಮಾತ್ರ ಇರುವವರು ಸ್ಲರಿ ಕಲೆಸುವ ಗೋಜಿಗೆ ಹೋಗಬೇಡಿ, ಮರಳು ಬೆರೆಸಿದ ಸೀಲರ್ ಸಾಕು. ಯಾವುದೇ ತಂದರೂ ಡ್ರಮ್ ನಿಲ್ಲಿಸಿಟ್ಟು ಹಾಗೇ ಮುಚ್ಚಳ ತೆಗೆಯಬೇಡಿ. ಮೊದಲು ಅಂಗಳದಲ್ಲಿ ನಾಲ್ಕು ಸಲ ಆಚೆ ಈಚೆ ಉರುಳಿಸಿ. ಇಲ್ಲದಿದ್ದರೆ ಮೇಲೆ ಬರೀ ನೀರು ಬರುತ್ತದೆ, ದುಡ್ಡು ಕೊಟ್ಟ ಮಾಲು ತಳದಲ್ಲೇ ಕೂತಿರುತ್ತದೆ.