17ರಿಂದ 20 ಇಂಚಿಗೆ: ಎಸ್‌ಯುವಿಯ ದೊಡ್ಡ ಚಕ್ರಗಳ ಪರಿಶೀಲನೆ

ಒಂದೇ ಎಸ್‌ಯುವಿಯನ್ನು ಮೊದಲು ಕಾರ್ಖಾನೆಯಿಂದ ಬಂದ 17 ಇಂಚಿನ ಚಕ್ರಗಳಲ್ಲಿ, ಆಮೇಲೆ 20 ಇಂಚಿನ ಅಲಾಯ್ ಚಕ್ರಗಳಲ್ಲಿ ಓಡಿಸಿ ನೋಡಿದ ಮೇಲೆ ಬರೆಯುತ್ತಿರುವ ಅಭಿಪ್ರಾಯವಿದು. ನೋಟದ ವಿಚಾರದಲ್ಲಿ ತಕರಾರಿಲ್ಲ. ಕಪ್ಪು ರಬ್ಬರು ಕಾಣುತ್ತಿದ್ದ ಜಾಗವನ್ನು ಹೊಳೆಯುವ ಲೋಹ ತುಂಬಿದಾಗ ಗಾಡಿಯ ಗತ್ತೇ ಬೇರೆ. ಆದರೆ ಇಲ್ಲಿ ದೊಡ್ಡದಾಗುವುದು ರಿಮ್ ಮಾತ್ರ, ಟೈರು ಸೇರಿದ ಇಡೀ ಚಕ್ರವಲ್ಲ ಎಂಬುದನ್ನು ಕೊಳ್ಳುವವರು ಮೊದಲು ತಿಳಿದಿರಬೇಕು.

ಹಳೆಯ ಟೈರಿನ ಅಳತೆ 235/65 ಆರ್17. ಅಗಲ 235 ಮಿ.ಮೀ.; ಅದರ ಶೇ. 65ರಷ್ಟು, ಅಂದರೆ ಸುಮಾರು 153 ಮಿ.ಮೀ., ಸೈಡ್‌ವಾಲ್‌ನ (ರಿಮ್ಮಿನ ಅಂಚಿನಿಂದ ನೆಲ ಮುಟ್ಟುವ ಭಾಗದವರೆಗಿನ ಟೈರಿನ ಪಕ್ಕದ ಗೋಡೆಯ) ಎತ್ತರ. ರಿಮ್ಮಿನ ಮೇಲೂ ಕೆಳಗೂ ಅದನ್ನು ಕೂಡಿದರೆ ಒಟ್ಟು ವ್ಯಾಸ ಸುಮಾರು 737 ಮಿ.ಮೀ. ಹೊಸ 255/45 ಆರ್20 ಟೈರಿನ ವ್ಯಾಸದಲ್ಲಿ ಒಂದು ಮಿ.ಮೀ. ಕೂಡ ವ್ಯತ್ಯಾಸವಿಲ್ಲ, ಆದರೆ ಸೈಡ್‌ವಾಲ್ ಸುಮಾರು 115 ಮಿ.ಮೀ.ಗೆ ಇಳಿದಿದೆ. ಹೀಗಾಗಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) ಹೆಚ್ಚುತ್ತದೆ ಎಂಬ ನಂಬಿಕೆ ಹುಸಿ; ಸ್ಪೀಡೋಮೀಟರ್ ಕೂಡ ಏರುಪೇರಾಗುವುದಿಲ್ಲ. ಒಟ್ಟು ವ್ಯಾಸವನ್ನೇ ಹೆಚ್ಚಿಸಿದರೆ ಮಾತು ಬೇರೆ: ಆಗ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುವ ಸಾಧ್ಯತೆಯೂ ಇರುತ್ತದೆ.

ಕಳೆದುಹೋದ ಆ 38 ಮಿ.ಮೀ.ಯ ಪರಿಣಾಮ ಹೆಚ್ಚು ಅರಿವಿಗೆ ಬರುವುದು ನಿಧಾನವಾಗಿ ಸಾಗುವಾಗ. ಸೇತುವೆಯ ಕೂಡುಪಟ್ಟಿಯನ್ನು ದಾಟುವಾಗ ಮೊದಲು ಮಂದವಾಗಿ ಕೇಳುತ್ತಿದ್ದ ಸದ್ದು ಈಗ ಟಕ್ಕೆಂದು ಸೀಟಿನವರೆಗೂ ತಲುಪುತ್ತದೆ. ಸಣ್ಣಪುಟ್ಟ ಏರುತಗ್ಗುಗಳನ್ನು ಟೈರಿನೊಳಗಿನ ಗಾಳಿಯೇ ನುಂಗಿಕೊಳ್ಳುತ್ತಿತ್ತು. ಈಗ ಆ ಹೊರೆ ಸಸ್ಪೆನ್ಷನ್ ಮೇಲೆ ಬಿದ್ದಿದೆ. ಸಾಲದ್ದಕ್ಕೆ ದೊಡ್ಡ ರಿಮ್ ಸಾಮಾನ್ಯವಾಗಿ ಹೆಚ್ಚು ಭಾರವಾಗಿದ್ದು, ಆ ಭಾರ ಸ್ಪ್ರಿಂಗುಗಳ ಕೆಳಗೇ ಇರುವುದರಿಂದ ಉಬ್ಬಿನ ಮೇಲೆ ಚಿಮ್ಮಿದ ಚಕ್ರವನ್ನು ಹದ್ದುಬಸ್ತಿಗೆ ತರುವುದು ಡ್ಯಾಂಪರುಗಳಿಗೆ (ಶಾಕ್ ಅಬ್ಸಾರ್ಬರುಗಳಿಗೆ) ಕಷ್ಟವಾಗುತ್ತದೆ. ಗುಂಡಿಯ ಚೂಪಾದ ಅಂಚಿಗೆ ಬಡಿದಾಗ ರಿಮ್ ಮತ್ತು ರಸ್ತೆಯ ನಡುವೆ ಟೈರು ಸಿಕ್ಕಿಕೊಂಡು ಒಳಗಿನ ದಾರಗಳು ಹರಿಯುತ್ತವೆ, ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಅಂಥ ಟೈರನ್ನು ಬದಲಿಸದೆ ಗತಿಯಿಲ್ಲ. ಲಾಭವೇ ಇಲ್ಲವೆಂದಲ್ಲ. ತಿರುವುಗಳಲ್ಲಿ ಸ್ಟೀರಿಂಗಿನ ಸ್ಪಂದನೆ ಚುರುಕಾಗಿದೆ, ಪಥ ಬದಲಿಸುವಾಗಿನ ಓಲಾಟ ತಗ್ಗಿದೆ. ಕುಟುಂಬದೊಂದಿಗೆ ಸಾಗುವ ಎತ್ತರದ ಗಾಡಿಯಲ್ಲಿ ಆ ಚುರುಕುತನ ಎಷ್ಟು ಸಲ ಉಪಯೋಗಕ್ಕೆ ಬಂದೀತು ಎಂಬ ಅನುಮಾನ ಮಾತ್ರ ನನಗಿದೆ.

ಅಂಗಡಿಯಲ್ಲಿ ಪಿಸಿಡಿ (ಬೋಲ್ಟ್ ರಂಧ್ರಗಳು ಕೂರುವ ವೃತ್ತದ ವ್ಯಾಸ), ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದನ್ನು ಬಿಗಿಯುವ ಮುಖಕ್ಕಿರುವ ಅಂತರ), ನಡುರಂಧ್ರದ ಅಳತೆಗಳನ್ನು ಹೇಗೂ ನೋಡುತ್ತಾರೆ. ಕಣ್ತಪ್ಪುವುದು ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ಭಾರವನ್ನು ಸೂಚಿಸುವ ಸಂಖ್ಯೆ. ಹಳೆಯ ಟೈರಿನ ಮೇಲಿದ್ದ 104 ಎಂಬ ಸಂಖ್ಯೆಯ ಅರ್ಥ, ಒಂದೊಂದು ಟೈರೂ 900 ಕೆ.ಜಿ. ಹೊರಬಲ್ಲದು ಎಂದು. 255/45 ಆರ್20 ಅಳತೆಯಲ್ಲಿ 825 ಕೆ.ಜಿ. ಹೊರುವ 101ರ ಟೈರೂ ಸಿಗುತ್ತದೆ, 925 ಕೆ.ಜಿ. ಹೊರುವ 105ರದ್ದೂ ಸಿಗುತ್ತದೆ. ಮೊದಲನೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಈ ಗಾಡಿಗೆ ಹಾಕಿಸಿಕೊಳ್ಳಬಾರದು.

ನನ್ನ ಆಯ್ಕೆ 235/60 ಆರ್18. ಒಟ್ಟು ವ್ಯಾಸ ಹೆಚ್ಚುವುದು ಎರಡೇ ಮಿ.ಮೀ., ಸೈಡ್‌ವಾಲ್ 141 ಮಿ.ಮೀ. ಉಳಿಯುತ್ತದೆ, ನೋಟಕ್ಕೂ ಮೋಸವಿಲ್ಲ. 20 ಇಂಚೇ ಬೇಕೆನ್ನುವವರು ಹಳೆಯ ಚಕ್ರಗಳನ್ನು ಮಾರದೆ ಇಟ್ಟುಕೊಂಡು, ಕೆಟ್ಟ ರಸ್ತೆಯ ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಅವನ್ನೇ ಹಾಕಿಸಿಕೊಳ್ಳುವುದು ಲೇಸು.